ಪಾರವ್ವನ ಟಂಕಸಾಲೆ

ನಮ್ಮೂರಿನಲ್ಲಿ ಮದುವೆಯ ಮಾತು ಶುರುವಾಗುವುದು ಹಲ್ಲಿನ ದವಾಖಾನೆಯಲ್ಲಿ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಬೆಂಚುಗಳ ಮೇಲೆ ಎದುರುಬದುರು ಕೂತು, ದವಡೆ ಊದಿಸಿಕೊಂಡು ಬಂದವರ ನಡುವೆಯೇ ತಮ್ಮ ಸರದಿಗೆ ಕಾಯುತ್ತಾರೆ. ಒಳಗೆ ಬಂದವರು ಸೆರಗಿನ ಗಂಟಿನಿಂದಲೋ ಅಂಗಿಯ ಒಳಜೇಬಿನಿಂದಲೋ ಉಗುರಗಲದ ಎರಡು ಕಂಚಿನ ನಾಣ್ಯ ತೆಗೆದು ನನ್ನ ಮುಂದಿಡುತ್ತಾರೆ. ನಾನು ಹಲ್ಲು ನೋಡುವ ದೀಪವನ್ನು ಅವುಗಳ ಮೇಲೆ ತಿರುಗಿಸಿ ಭೂತಗನ್ನಡಿ ಹಿಡಿಯುತ್ತೇನೆ. ಎರಡೂ ಬೇರೆ ಬೇರೆ ಟಂಕಸಾಲೆಯವಾದರೆ ಸಕ್ಕರೆ ಹಂಚುತ್ತಾರೆ. ಒಂದೇ ಟಂಕಸಾಲೆಯವಾದರೆ, ಹುಡುಗ ಹುಡುಗಿ ಅಣ್ಣತಂಗಿಯರೆಂದು ಗೊತ್ತಾಯಿತಲ್ಲ ಎಂದು, ತಂದ ಸಕ್ಕರೆ ಹಾಳಾಗಬಾರದೆಂದು, ಆಗಲೂ ಹಂಚಿಯೇ ಹೋಗುತ್ತಾರೆ.

ಈ ನಾಣ್ಯಗಳು ಎಲ್ಲಿಂದ ಬರುತ್ತವೆ ಎಂದು ಊರಿಗೆ ಹೊಸಬಳಾಗಿದ್ದಾಗ ನಾನೂ ಕೇಳಿದ್ದೆ. ಮಗು ಹುಟ್ಟಿದ ಮನೆಯವರು ಹೊಕ್ಕುಳಬಳ್ಳಿ ಹೂಳಲು ಹಿತ್ತಿಲಲ್ಲಿ ಗುಂಡಿ ತೋಡಿದರೆ ಅದರಲ್ಲಿ ಒಂದು ನಾಣ್ಯ ಸಿಗುತ್ತದೆ. ಅವಳಿ ಹುಟ್ಟಿದರೆ ಎರಡು. ಬೇರೆ ದಿನ ಅದೇ ಜಾಗ ತೋಡಿದರೆ ಬರೀ ಹೆಂಟೆ, ಎರೆಹುಳು. ಹಿತ್ತಿಲಿಗೆ ಸಿಮೆಂಟು ಬಳಿಸಿದವರು ಸೊಸೆಗೆ ದಿನ ತುಂಬುವ ಮುಂಚೆಯೇ ಒಂದು ಮೂಲೆ ಒಡೆಸಿ ಇಟ್ಟುಕೊಳ್ಳುತ್ತಾರೆ. ಇಷ್ಟು ಬಿಟ್ಟು ಯಾರಿಗೂ ಹೆಚ್ಚು ಗೊತ್ತಿಲ್ಲ, ತಿಳಿಯಬೇಕೆಂಬ ಆಸೆಯೂ ಇದ್ದಂತಿಲ್ಲ.

ನಾಣ್ಯಗಳೆಲ್ಲ ರೋಮಿನ ಕಡೆಗಾಲದ ರಾಜರವು. ಒಂದು ಬದಿ ಮುತ್ತಿನ ಪಟ್ಟಿ ಕಟ್ಟಿಕೊಂಡ ರಾಜನ ಮುಖ. ಇನ್ನೊಂದು ಬದಿ ಕುದುರೆಯಿಂದ ಬೀಳುತ್ತಿರುವವನನ್ನು ಈಟಿಯಲ್ಲಿ ತಿವಿಯುವ ಸಿಪಾಯಿ, ಇಲ್ಲವೇ ನಿಶಾನೆ ಹಿಡಿದು ನಿಂತ ಇಬ್ಬರು, ಇಲ್ಲವೇ ಕೋಟೆಯ ಬಾಗಿಲು. ಅದರಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಮೂರೋ ನಾಲ್ಕೋ ಅಕ್ಷರ. ಆ ಅಕ್ಷರಗಳು ನಾಣ್ಯ ಯಾವ ಊರಿನ ಟಂಕಸಾಲೆಯಲ್ಲಿ ಅಚ್ಚಾಯಿತು ಎಂದು ಹೇಳುತ್ತವೆ. ಕಡಲಾಚೆಯ ಆ ಊರುಗಳನ್ನು ಇಲ್ಲಿ ಯಾರೂ ಕಂಡಿಲ್ಲ. ಆದರೂ ಅಂತ್ಯೋಕದ ನಾಣ್ಯ ಸಿಕ್ಕವರು ಜಗಳಗಂಟರು, ನಿಕಮೇದಿಯವರು ಕೈಬಿಚ್ಚಿ ಖರ್ಚು ಮಾಡುವವರು, ಸಿಜಿಕದವರಿಗೆ ನಿದ್ದೆ ಜಾಸ್ತಿ ಎಂದು ಎಲ್ಲರಿಗೂ ಗೊತ್ತು. ಅಲಸಂದಿಯವರ ಮದುವೆಯಲ್ಲಿ ಅಲಸಂದೆ ಕಾಳಿನ ಪಲ್ಯ ಮಾಡುವುದಿಲ್ಲ. ಒಡಹುಟ್ಟಿದವರ ನಾಣ್ಯಗಳು ಬೇರೆ ಬೇರೆ ಟಂಕಸಾಲೆಯವಾಗಿರಬಹುದು. ಓಣಿಯಾಚೆಯ ಗುರುತಿಲ್ಲದವನದು ನಿಮ್ಮದೇ ಟಂಕಸಾಲೆ ಇರಬಹುದು. ಆಗ ಅವನು ನಿಮಗೆ ಅಣ್ಣ. ಅಣ್ಣ ಎಂದೇ ಕರೆಯಬೇಕು, ನಾಗರ ಪಂಚಮಿಗೆ ಉಂಡಿ ಕೊಡಬೇಕು, ಅವನು ನಿಮ್ಮ ಮದುವೆಗೆ ಸೀರೆ ತರಬೇಕು.

ನನಗಿಂತ ಮೊದಲು ನಾಣ್ಯ ಓದುತ್ತಿದ್ದವರು ಗದಿಗೆಪ್ಪ ಮಾಸ್ತರರು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ನನ್ನನ್ನು ಕರೆಸಿ, "ನಿಮ್ಮ ಹತ್ರ ದೀಪ ಐತಿ, ಸಣ್ಣ ಸಣ್ಣ ಸಲಾಕಿ ಅದಾವ. ಹಲ್ಲಿನ ಕಿಟ್ಟ ತಗಿಯೂದು, ನಾಣ್ಯದ ಕಿಟ್ಟ ತಗಿಯೂದು, ಎರಡೂ ಒಂದ. ಕಲೀರಿ" ಎಂದರು. ಕಲಿಯಲು ತಮ್ಮ ಮರದ ಪೆಟ್ಟಿಗೆ ಕೊಟ್ಟರು. ಅದರಲ್ಲಿ ತೀರಿಹೋದವರ ನಾಣ್ಯಗಳಿದ್ದವು. ಮೊದಮೊದಲು ನನಗೆ ಎಲ್ಲ ರಾಜರೂ ಒಬ್ಬನಂತೆಯೇ ಕಂಡರು. ಆಮೇಲೆ ಒಬ್ಬನ ಕುತ್ತಿಗೆ, ಇನ್ನೊಬ್ಬನ ದೊಡ್ಡ ಕಣ್ಣು, ಮತ್ತೊಬ್ಬನ ಗಡ್ಡ ಹೊಂದಿಕೊಂಡವು. ಒಂದು ಮಳೆಗಾಲ ಮುಗಿಯುವುದರೊಳಗೆ ನನಗೆ ಅದರ ಹುಚ್ಚು ಹಿಡಿಯಿತು. ಊರವರು ನನ್ನನ್ನು ಡಾಕ್ಟರಬಾಯಿ ಎನ್ನುತ್ತಾರೆ. ಅದು ಗೌರವಕ್ಕೋ, ದಿನವೆಲ್ಲ ಬಾಯಿ ನೋಡುವವಳೆಂದೋ, ನನಗೆ ಇನ್ನೂ ತಿಳಿದಿಲ್ಲ.

ಒಂದು ಮುಂಜಾನೆ ಅಡಿವೆಪ್ಪ ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆರೆದ. ಅವನು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೋನೆಟ್ ನುಡಿಸುವವನು. ಊರಿನ ಎಲ್ಲರ ಮದುವೆಗೂ ಊದಿ, ತಾನು ಮಾತ್ರ ನಲವತ್ತು ದಾಟಿಯೂ ಒಂಟಿಯಾಗಿದ್ದ. ಮುಂದಿನ ಹಲ್ಲುಗಳೇ ಅವನ ಬದುಕು, ಹಾಗಾಗಿ ಅವುಗಳನ್ನು ಕಣ್ಣಿನಂತೆ ಕಾಯ್ದುಕೊಂಡಿದ್ದ. ನಾನು ಎಲ್ಲ ನೋಡಿ, "ಏನೂ ಆಗಿಲ್ಲವಲ್ಲ" ಎಂದೆ.

"ಹಲ್ಲಿಗೆ ಬಂದಿಲ್ರಿ ಬಾಯಾರ" ಎಂದು ಅವನು ಬಾಯಿ ಮುಚ್ಚಿದ. "ಒಂದು ಮಾತು ಕೇಳ್ತೀನ್ರಿ. ಎಸ್ಸು, ಎಮ್ಮು, ಎ, ಎನ್ನು ಅಂದ್ರ ಅಂತ್ಯೋಕ. ಹೌದಲ್ರಿ?"

"ಹೌದು."

"ಎಸ್ಸು, ಎಮ್ಮು, ಎನ್ನು, ಎ ಅಂದ್ರ?"

"ನಿಕಮೇದಿ."

"ನೋಡ್ರಿ, ಎರಡಕ್ಷರ ಹಿಂದಮುಂದ ಆದ್ರ ಟಂಕಸಾಲಿನ ಬ್ಯಾರೆ" ಎಂದು ಅವನು ಎದ್ದು ಕೂತ. "ಸವೆದ ನಾಣ್ಯದಾಗ ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೂದು ತಪ್ಪಿ ಓದಬಹುದಲ್ರಿ?"

"ಯಾರ ನಾಣ್ಯ?" ಎಂದೆ. ಅವನು ಕುರ್ಚಿಯ ಹಿಡಿ ಸವರುತ್ತ, "ಪಾರವ್ವಂದು" ಎಂದ.

ಪಾರವ್ವ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಾಳೆ. ಅವಳೂ ಅಡಿವೆಪ್ಪನೂ ಇಬ್ಬರೂ ಅಂತ್ಯೋಕ ಎಂದು ಊರಿಗೆಲ್ಲ ಗೊತ್ತಿತ್ತು. ಎಷ್ಟೋ ವರ್ಷದಿಂದ ಅವನು ಅವಳ ಕೈಯ ರೊಟ್ಟಿ ತಿನ್ನುತ್ತ, "ತಂಗೀ, ಉಪ್ಪು ಕಮ್ಮಿ" ಎಂದರೆ ಅವಳು "ಅಣ್ಣಾ, ನಿನ್ನ ನಾಲಿಗಿ ಕೆಟ್ಟೈತಿ" ಎನ್ನುವುದು ಅಲ್ಲಿ ಉಣ್ಣುವವರಿಗೆಲ್ಲ ಅಭ್ಯಾಸವಾದ ಮಾತು. ಪಾರವ್ವನ ನಾಣ್ಯದ ಬಗ್ಗೆ ಮಾತ್ರ ಊರಿನಲ್ಲಿ ಒಂದು ಹೆದರಿಕೆಯಿತ್ತು. ಎಲ್ಲರ ನಾಣ್ಯದಲ್ಲಿ ರಾಜ ಬಲಕ್ಕೆ ನೋಡಿದರೆ ಅವಳದರಲ್ಲಿ ಎಡಕ್ಕೆ ನೋಡುತ್ತಿದ್ದ. ಇದು ಬಹಳ ಅಪರೂಪದ್ದು ಎಂದು ಅವಳು ಹುಟ್ಟಿದಾಗ ಮಾಸ್ತರರು ಹೆಮ್ಮೆಯಿಂದ ಹೇಳಿದ್ದರು. ಹೆಣ್ಣು ಕೇಳಲು ಬಂದವರು ಮಾತ್ರ, ರಾಜನೇ ಮುಖ ತಿರುಗಿಸಿದ ಹುಡುಗಿ ನಮಗೇಕೆ ಎಂದು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಡೆಗೆ ಪಾರವ್ವ ಆ ಮಾತನ್ನೇ ಬಿಟ್ಟು ಹಂಚು ಕಾಯಿಸಲು ಕೂತಳು.

ಆ ಮಧ್ಯಾಹ್ನ ನಾನು ಖಾನಾವಳಿಗೆ ಹೋದೆ. ಜನ ಕಡಿಮೆಯಾಗುವವರೆಗೆ ಕಾದು, ಅಡಿವೆಪ್ಪ ಬಂದಿದ್ದ ಎಂದೆ. ಪಾರವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಈ ಪಂಚಮಿಗೆ ಉಂಡಿಗೆ ಬರಲಿಲ್ಲ ನೋಡ್ರಿ ಅವ. ಜ್ವರ ಬಂದಾವೇನೋ ಅಂದ್ಕೊಂಡೆ. ಮರುದಿನ ಬಂದು ಊಟಕ್ಕ ಕುಂತ. ತಂಗಿ ಅನ್ನಲಿಲ್ಲ. 'ಇನ್ನೊಂದು ರೊಟ್ಟಿ ಹಾಕ್ರಿ' ಅಂದ. ನನಗ ಬಹುವಚನ ಹಚ್ಚಿದ. ಎಲ್ಲಾರೂ ತಿನ್ನೂದು ಬಿಟ್ಟು ನೋಡಾಕ ಹತ್ತಿದ್ರು."

"ನೀನೇನಂದೆ?"

"ರೊಟ್ಟಿ ಹಾಕಿದೆ. ಏನನ್ನಲಿ? ಅಣ್ಣ ಅನ್ನಾಕ ನನಗೂ ಬಾಯಿ ಬರಲಿಲ್ಲ."

ಅವಳು ಕೈ ತೊಳೆದು ಸೆರಗಿನ ಗಂಟು ಬಿಚ್ಚಿದಳು. ಎಡಕ್ಕೆ ತಿರುಗಿದ ರಾಜನ ಮುಖ ಬಿಟ್ಟರೆ ನಾಣ್ಯದ ಮೇಲೆ ಅಂಚಿನಿಂದ ಅಂಚಿಗೆ ಗಟ್ಟಿ ಕಿಟ್ಟ. ಕೆಳಗೆ ಅಕ್ಷರಗಳ ಮೇಲುತುದಿ ಮಾತ್ರ ಇಣುಕುತ್ತಿತ್ತು. ಒಂದು ಕಡೆ ತಿಳಿಹಸಿರು ಪುಡಿ ಕಟ್ಟಿತ್ತು. ಅದು ಕಂಚಿಗೆ ಬರುವ ರೋಗ. ಕೆರೆದರೆ ಅಕ್ಷರವೇ ಉದುರಿ ಹೋಗಬಹುದು, ಬಿಟ್ಟರೆ ಒಂದು ದಿನ ನಾಣ್ಯವೇ ಪುಡಿಯಾಗುತ್ತದೆ. ಎರಡನ್ನೂ ಹೇಳಿದೆ. ಅಕ್ಷರವಿಲ್ಲದ ನಾಣ್ಯದವರಿಗೆ ನಮ್ಮೂರಿನಲ್ಲಿ ಮದುವೆಯಿಲ್ಲ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಈಗ ಐತೇನು ಲಗ್ನ, ಹೋಗಾಕ?" ಎಂದು ಅವಳು ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟಳು. "ತಿಕ್ಕ್ರಿ."

ಬ್ಯಾಟರಿಗೆ ಹಾಕುವ ನೀರಿನಲ್ಲಿ ಅದನ್ನು ನೆನೆಹಾಕಿದೆ. ನೀರು ಬದಲಿಸುತ್ತ, ಕಿಟ್ಟ ಮೆತ್ತಗಾಗುವುದನ್ನು ಕಾಯುತ್ತ ವಾರಗಳು ಕಳೆದವು. ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತು. ಮಾಸ್ತರರು ಓದಿದ್ದನ್ನು ಡಾಕ್ಟರಬಾಯಿ ಮತ್ತೆ ಓದುತ್ತಾಳಂತೆ ಎಂದು ಕೆಲವರು ಹುಬ್ಬೇರಿಸಿದರು. ಒಂದು ತಪ್ಪಾದರೆ ಉಳಿದವೂ ತಪ್ಪಿರಬಹುದಲ್ಲ, ಹಾಗಾದರೆ ಆದ ಮದುವೆಗಳ ಗತಿ ಏನು ಎಂದು ಹಲವರಿಗೆ ನಿದ್ದೆ ಬರಲಿಲ್ಲ. ಮಾಸ್ತರರಿಗೆ ನಾನೇ ಹೋಗಿ ಹೇಳಿದೆ. ಅವರು ಗೋಡೆ ನೋಡುತ್ತ, "ನಾ ಓದಿದ್ದು ಓದಿದ್ದ. ನಾ ಬರೂದಿಲ್ಲ" ಎಂದರು.

ಆದರೆ ಬಂದರು. ಕಿಟ್ಟ ತೆಗೆಯುವ ದಿನ, ಕಟ್ಟಿಸಿದ ಹಲ್ಲು ವಸಡಿಗೆ ಚುಚ್ಚುತ್ತಿದೆ ಎಂಬ ನೆಪ ಹಿಡಿದು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ನಾನು ಅವರ ಹಲ್ಲಿನ ಜೋಡಿ ತೆಗೆದು ಬಟ್ಟಲಲ್ಲಿಟ್ಟೆ. ಪಾರವ್ವ ಕಿಟಕಿಯ ಬಳಿ ನಿಂತಿದ್ದಳು, ಅಡಿವೆಪ್ಪ ಬಾಗಿಲಲ್ಲಿ. ಹೊರಗೆ ಬೆಂಚುಗಳ ಮೇಲೆ ಹಲ್ಲುನೋವಿನವರು, ಹಲ್ಲುನೋವಿಲ್ಲದವರು ಎಲ್ಲ ತುಂಬಿದ್ದರು.

ನಾನು ದೀಪದ ಕೆಳಗೆ ನಾಣ್ಯವಿಟ್ಟು, ಅತಿ ಸಣ್ಣ ಸಲಾಕೆಯಿಂದ ಅಂಚಿನ ಕಿಟ್ಟ ಎಬ್ಬಿಸಿದೆ. ಅದು ಸಿಪ್ಪೆಯ ಹಾಗೆ ಮೇಲೆದ್ದಿತು. ಕೆಳಗಿನ ಕಂಚು ಗಟ್ಟಿಯಿತ್ತು. ಎನ್ ಎಂದುಕೊಂಡಿದ್ದ ಜಾಗದಲ್ಲಿ ಮೂರು ಕಡ್ಡಿ ಕಂಡವು. ಎ ಎಂದುಕೊಂಡಿದ್ದಲ್ಲಿ ಎರಡು ಕಡ್ಡಿ ಒಂದಕ್ಕೊಂದು ಒರಗಿ ನಿಂತಿದ್ದವು. ಅದರ ಪಕ್ಕ ಮತ್ತೆ ಕಡ್ಡಿ, ಒಂದು ಸೊನ್ನೆ, ಮತ್ತೆ ಕಡ್ಡಿ. ತಿರುಗಿಸಿ ರಾಜನ ತಲೆಯ ಸುತ್ತ ಬಿಡಿಸಿದೆ. ಅಲ್ಲಿಯೂ ಕಡ್ಡಿ, ಸೊನ್ನೆ, ಕಡ್ಡಿ. ಅಂತ್ಯೋಕವೂ ಇಲ್ಲ, ನಿಕಮೇದಿಯೂ ಇಲ್ಲ. ಸಿಪಾಯಿ ಎಡಗೈಯಲ್ಲಿ ಈಟಿ ಹಿಡಿದಿದ್ದ. ಪೆಟ್ಟಿಗೆಯ ಯಾವ ನಾಣ್ಯದಲ್ಲೂ ಎಡಚ ಸಿಪಾಯಿಯನ್ನು ನಾನು ಕಂಡಿರಲಿಲ್ಲ.

ಆಗ ಅರ್ಥವಾಯಿತು. ಅಚ್ಚು ಕೊರೆಯುವವರು ಎಲ್ಲವನ್ನೂ ತಿರುವುಮುರುವಾಗಿ ಕೊರೆಯುತ್ತಾರೆ, ಒತ್ತಿದಾಗ ನೇರವಾಗಿ ಬೀಳುತ್ತದೆ. ಇದನ್ನು ಕೊರೆದವನು ಯಾವುದೋ ರೋಮಿನ ನಾಣ್ಯವನ್ನು ಎದುರಿಗಿಟ್ಟುಕೊಂಡು, ಕಂಡದ್ದನ್ನು ಕಂಡ ಹಾಗೆಯೇ ಕೊರೆದಿದ್ದ. ಅದಕ್ಕೇ ಸಿಪಾಯಿ ಎಡಚನಾದ, ರಾಜ ಎಡಕ್ಕೆ ತಿರುಗಿದ. ಅವನಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ರೋಮಿನ ನಾಣ್ಯ ನೋಡಿಕೊಂಡು ನಮ್ಮ ಕಡೆಯವರೂ ಅಚ್ಚು ಹಾಕುತ್ತಿದ್ದರೆಂದು ಓದಿದ್ದೆ; ಇಲ್ಲೇ ಸುತ್ತಮುತ್ತ ಎಲ್ಲೋ ಕೂತು ಮಾಡಿದ ಅಂಥ ನಕಲು ಅದು.

ನಾನು ಹೇಳುತ್ತಿದ್ದಂತೆ ಮಾಸ್ತರರು ಭೂತಗನ್ನಡಿ ಕಸಿದುಕೊಂಡು ನಾಣ್ಯಕ್ಕೆ ಮೂಗು ತಾಗಿಸಿದರು. ಆಮೇಲೆ ಎರಡೂ ಕೈಯೆತ್ತಿ ಏನೋ ದೊಡ್ಡದಾಗಿ ಹೇಳಿದರು. ಬಾಯಲ್ಲಿ ಹಲ್ಲಿರಲಿಲ್ಲ, ಯಾರಿಗೂ ಒಂದು ಶಬ್ದವೂ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಬಾಯಲ್ಲಿ ಹತ್ತಿ ಇಟ್ಟುಕೊಂಡು ಕೂತವನೊಬ್ಬ ಇಣುಕಿ, "ಅಂದ್ರ ಖೊಟ್ಟಿ ನಾಣ್ಯಾನ್ರಿ?" ಎಂದ.

ಪಾರವ್ವ ಬಂದು ನಾಣ್ಯ ಎತ್ತಿಕೊಂಡಳು. ಸೆರಗಿಗೆ ಕಟ್ಟಲಿಲ್ಲ, ಮುಷ್ಟಿಯಲ್ಲಿ ಹಿಡಿದು ಜನರ ನಡುವೆ ನಡೆದುಹೋದಳು. ಅಡಿವೆಪ್ಪ "ಪಾರವ್ವಾ" ಎಂದು ಹಿಂದೆ ಹೋದ. ಖಾನಾವಳಿಯ ಬಾಗಿಲು ಅವನ ಮುಖಕ್ಕೇ ಮುಚ್ಚಿತಂತೆ.

ಮರುದಿನ ಖಾನಾವಳಿ ತೆರೆಯಲಿಲ್ಲ. ಬಸ್ಸಿನ ಡ್ರೈವರುಗಳು, ಬ್ಯಾಂಕಿನವರು, ಹೆಂಡತಿ ತವರಿಗೆ ಹೋದವರು ಮುಚ್ಚಿದ ಬಾಗಿಲ ಮುಂದೆ ಬಂದು ಬಂದು ವಾಪಸಾದರು. ಖೊಟ್ಟಿ ಎಂದವನನ್ನು ಊರೆಲ್ಲ ಹುಡುಕುತ್ತಿತ್ತು. ಅವನು ಹಲ್ಲುನೋವಿನ ಮೇಲೆ ಹಸಿವನ್ನೂ ಹೊತ್ತು ಮನೆಯಲ್ಲಿ ಅಡಗಿದ್ದ. ಸಂಜೆಗೆ ಮಾಸ್ತರರು ನನ್ನ ಬಳಿ ಬಂದು, "ನಡೀರಿ. ಈಗ ಬಾಯಾಗ ಹಲ್ಲು ಅದಾವ, ಮಾತು ತಿಳೀತಾವ" ಎಂದರು.

ಪಾರವ್ವ ಬಾಗಿಲು ತೆರೆದಳು. ಮಾಸ್ತರರನ್ನು ಹೊರಗೆ ನಿಲ್ಲಿಸುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ. ಅವಳ ಕಣ್ಣು ಊದಿತ್ತು. ಅಡಿವೆಪ್ಪ ಕಟ್ಟೆಯ ಮೇಲೆ ಬೆಳಗಿನಿಂದ ಕೂತಿದ್ದ. ಅವನೂ ನಮ್ಮ ಹಿಂದೆ ಒಳಗೆ ನುಸುಳಿದ.

"ನೀ ಹುಟ್ಟಿದಾಗ ನಾ ಹುಡುಗ ಮಾಸ್ತರ" ಎಂದರು ಗದಿಗೆಪ್ಪನವರು. "ನಿಮ್ಮಪ್ಪ ಹೊಲಸು ಮೆತ್ತಿದ ನಾಣ್ಯ ಹಿಡಕೊಂಡು ನಿಂತಿದ್ದ, ಲಗೂ ಹೇಳ್ರಿ ಅಂತ. ಎರಡು ಗುರುತು ಕಂಡ್ವು. ಉಳಿದೆರಡು ನಾ ಸೇರಿಸಿದೆ. ಅದು ಇರಲಿ. ಖೊಟ್ಟಿ ಅಂದ್ರ ಏನು ಹೇಳು."

"ಮೋಸದ್ದು" ಎಂದಳು ಪಾರವ್ವ.

"ಉಗುರಷ್ಟು ಕಂಚಿನ ಚೂರು ಮಾಡಿ ಯಾರಿಗೆ ಮೋಸ ಮಾಡ್ತಾರವ್ವಾ? ಖೊಟ್ಟಿ ಮಾಡಾವ ಬಂಗಾರದ್ದು ಮಾಡ್ತಾನ. ಇದು ಹಂಗಲ್ಲ. ಆ ಕಾಲದಾಗ ಸಂತ್ಯಾಗ ಚಿಲ್ಲರಿ ಸಿಗವಲ್ದು, ಹಡಗು ಬರವಲ್ದು. ಉಪ್ಪು ಕೊಳ್ಳಾವ ನಿಂತಾನ, ಮಾರಾವ ನಿಂತಾನ. ಆಗ ಒಬ್ಬ ಕಂಚುಗಾರ, 'ತಡೀರಿ, ನಾ ಮಾಡಿ ಕೊಡ್ತೀನಿ' ಅಂದಾನ. ಅಕ್ಷರ ಬರ್ತಿರಲಿಲ್ಲ, ಕಡ್ಡಿ ಎಳದಾನ. ಮಂದಿ ತಗೊಂಡಾರ, ಕೊಟ್ಟಾರ, ನೋಡು ಹೆಂಗ ಸವದೈತಿ. ಖೊಟ್ಟಿ ಆಗಿದ್ರ ಇಷ್ಟು ಕೈ ದಾಟತಿತ್ತೇನು? ನಮ್ಮವೆಲ್ಲ ಎಲ್ಲಿಂದಲೋ ಬಂದ ನಾಣ್ಯ. ನಿಂದೊಂದ ಇಲ್ಲೇ ಹುಟ್ಟಿದ್ದು."

ಪಾರವ್ವ ಮುಷ್ಟಿ ಬಿಚ್ಚಿ ನಾಣ್ಯ ನೋಡಿದಳು. "ಹಂಗಾದ್ರ ನಾ ಯಾರ ಪೈಕಿ ಮಾಸ್ತರ?"

"ನಮ್ಮೂರ ಪೈಕಿ" ಎಂದರು ಅವರು. "ನಮ್ಮೂರಿಗೂ ಒಂದು ಟಂಕಸಾಲಿ ಇತ್ತು ಅಂತ ನಿನ್ನಿಂದ ಗೊತ್ತಾತು."

ಅಡಿವೆಪ್ಪ ಗಂಟಲು ಸರಿಮಾಡಿಕೊಂಡು, "ಹಂಗಾದ್ರ ಆಕಿ ನನಗ ತಂಗಿ ಅಲ್ಲ" ಎಂದ.

"ಮೊದಲ ಒಲಿ ಹಚ್ಚು, ಕಟಗಿ ತಾ" ಎಂದಳು ಪಾರವ್ವ ಅವನಿಗೆ. "ಮಾಸ್ತರು ಉಂಡು ಹೋಗ್ಲಿ." ಅವನು ಕಟ್ಟಿಗೆಗೆ ಓಡಿದ್ದನ್ನು ನೋಡಿ ನನಗೂ ಮಾಸ್ತರರಿಗೂ ನಗು ತಡೆಯಲಾಗಲಿಲ್ಲ.

ಮುಂದಿನ ವಾರವೆಲ್ಲ ನನ್ನ ದವಾಖಾನೆಯಲ್ಲಿ ಸಂತೆ. ತಮ್ಮದೂ ಊರಿನದೇ ನಾಣ್ಯವಿರಬಹುದು ಎಂದು ಜನ ಸಾಲುಗಟ್ಟಿದರು. ಮಾಸ್ತರರು ಕುರ್ಚಿ ಹಾಕಿಸಿಕೊಂಡು ನನ್ನ ಪಕ್ಕದಲ್ಲೇ ಕೂತರು. ನಾನು ಕಂಡ ಗುರುತುಗಳನ್ನು ಹೇಳುವುದು, ಅವರು ಟಂಕಸಾಲೆ ಹೇಳುವುದು. ಪಾರವ್ವನದೊಂದು ಬಿಟ್ಟು ಅವರ ಹಳೆಯ ಓದು ಒಂದೂ ತಪ್ಪಿರಲಿಲ್ಲ. ಒಬ್ಬಳು ಗಂಡನನ್ನು ಎಳೆದು ತಂದು ಇಬ್ಬರ ನಾಣ್ಯವನ್ನೂ ಇಟ್ಟಳು. ಬೇರೆ ಬೇರೆಯೇ, ಚಿಂತೆಯಿಲ್ಲ ಎಂದೆ. "ಸರಿಯಾಗಿ ನೋಡ್ರಿ ಬಾಯಾರ" ಎಂದು ಅವಳು ಬೇಡಿಕೊಂಡಳು. "ಇವರು ಅಣ್ಣ ಆಗಿಬಿಟ್ರ ವರ್ಷಕ್ಕೊಮ್ಮೆ ಉಂಡಿ ಕೊಟ್ಟು ಕಳಿಸಬಹುದಿತ್ತು." ಗಂಡ ಅವಳಿಗಿಂತ ಜೋರಾಗಿ ನಕ್ಕ.

ಪಾರವ್ವ ಅಡಿವೆಪ್ಪರ ಮದುವೆಗೆ ಉಳಿದದ್ದು ಅಂತ್ಯೋಕದವರ ಒಪ್ಪಿಗೆ. ಅವರಲ್ಲಿ ಹಿರಿಯಳು ಅಡಿವೆಪ್ಪನ ದೊಡ್ಡವ್ವ ಕಲ್ಲವ್ವ. ಬಡಿಗೆ ಊರಿಕೊಂಡು ಅವಳು ಅಂತ್ಯೋಕದವರನ್ನೆಲ್ಲ ಖಾನಾವಳಿಗೇ ಕರೆಸಿದಳು, ಬೇರೆ ಎಲ್ಲಿ ಕರೆದರೂ ಅವರು ಹೊಡೆದಾಡುತ್ತಾರೆಂದು. ಅವರಿಗೆ ಪಾರವ್ವನನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ನಾಣ್ಯ ಏನೇ ಹೇಳಲಿ, ಇಷ್ಟು ವರ್ಷ ತಂಗಿ ಎಂದು ಕರೆದವಳನ್ನು ಹೊರಗಿನವಳು ಎನ್ನುವುದು ಹೇಗೆ ಎಂದು ಒಬ್ಬ ಕಣ್ಣೀರನ್ನೇ ತಂದುಕೊಂಡ.

ಕಲ್ಲವ್ವ ಬಡಿಗೆ ಕುಟ್ಟಿದಳು. "ಆಕಿನೂ ನಮ್ಮಾಕಿ, ಇವನೂ ನಮ್ಮಾವ ಅಂದ್ರ ಲಗ್ನ ಆಗೂದಿಲ್ಲ. ಲಗ್ನ ಆಗಬೇಕಂದ್ರ ಒಬ್ರನ್ನ ಬಿಡಬೇಕು. ಯಾರನ್ನ ಬಿಡೂಣು?"

"ಅಡಿವೆಪ್ಪನ್ನ" ಎಂದರು ಎಲ್ಲರೂ ಒಟ್ಟಿಗೆ. ಅಂತ್ಯೋಕದವರು ಜಗಳವಿಲ್ಲದೆ ಒಂದು ಮಾತಿಗೆ ಬಂದದ್ದು ಅದೇ ಮೊದಲು ಎನ್ನುತ್ತಾರೆ.

ಹೀಗಾಗಿ ಮದುವೆಯ ದಿನ ಅಂತ್ಯೋಕದವರೆಲ್ಲ ಹೊಸ ರುಮಾಲು ಸುತ್ತಿ, ತಂಗಿಗೆ ಸೀರೆಯ ಮೇಲೆ ಸೀರೆ ಹೊತ್ತು ಹೆಣ್ಣಿನ ಕಡೆ ಸಾಲಾಗಿ ನಿಂತರು. ಅಡಿವೆಪ್ಪನ ಸ್ವಂತ ದೊಡ್ಡವ್ವ ಕೂಡ ಆ ಸಾಲಿನಲ್ಲೇ ಇದ್ದಳು. ಗಂಡಿನ ಕಡೆ ಬ್ಯಾಂಡಿನವರು ಮಾತ್ರ. ಅವರೂ ಊದುವುದರಲ್ಲಿದ್ದರು, ಕ್ಲಾರಿಯೋನೆಟ್ ಇಲ್ಲದೆ ರಾಗ ಎಲ್ಲೆಲ್ಲೋ ಹೋಗುತ್ತಿತ್ತು. ಮದುಮಗ ಕಿವಿ ಮುಚ್ಚಿಕೊಂಡು ಸುತ್ತ ನೋಡಿದ. "ನನ್ನ ಕಡೆ ಯಾರೂ ಇಲ್ಲೇನ್ರಿ? ಬಾಗಲಾ ಹಿಡಿಯಾಕ ಒಬ್ಬಾಕಿ ಅಕ್ಕನರ ಬೇಕಲ್ರಿ?"

ನಾನು ಬೇರೆ ಊರಿನಲ್ಲಿ ಹುಟ್ಟಿದವಳು. ನನ್ನ ಹೊಕ್ಕುಳಬಳ್ಳಿ ಹೂಳಿದ ಗುಂಡಿಯಲ್ಲಿ ಏನೂ ಸಿಕ್ಕಿರಲಿಲ್ಲ. ಈ ಊರಿನ ಮದುವೆಗಳಲ್ಲಿ ನನಗೆ ಯಾರ ಕಡೆಯೂ ಜಾಗವಿರದೆ, ಉಣ್ಣುವ ಸಾಲಿನಲ್ಲಿ ಮಾತ್ರ ಇರುತ್ತಿತ್ತು. ಅಂದು ಮಾಸ್ತರರು ನನ್ನ ಬೆನ್ನು ತಳ್ಳಿ, "ಹೋಗ್ರಿ, ನಿಂದರ್ರಿ" ಎಂದರು. ನಾನು ಹೋಗಿ ಅಡಿವೆಪ್ಪನ ಮನೆಯ ಹೊಸಿಲ ಮೇಲೆ ಕೈ ಅಡ್ಡ ಹಿಡಿದು ನಿಂತೆ. ಬ್ಯಾಂಡಿನವರು ವಾದ್ಯ ಕೆಳಗಿಟ್ಟು ನನ್ನ ಅಕ್ಕಪಕ್ಕ ಒತ್ತಿಕೊಂಡರು.

"ಏ ಅಕ್ಕಾ, ಬಿಡಬ್ಯಾಡ ಹಂಗ" ಎಂದ ಅಡಿವೆಪ್ಪ ಹೊರಗಿನಿಂದ. "ಹೆಸರು ಹೇಳಿಸು ಮೊದಲ."

ಇಷ್ಟು ವರ್ಷ ಅಣ್ಣ ಎಂದವನ ಹೆಸರನ್ನು ಪಾರವ್ವ ಒಡಪು ಕಟ್ಟಿ ಹೇಳಬೇಕಿತ್ತು. ಅವಳು ತಲೆ ತಗ್ಗಿಸಿ ನಿಂತಳು. ಹೆಂಗಸರು ಒಬ್ಬರನ್ನೊಬ್ಬರು ತಿವಿದರು. ಆಮೇಲೆ ಬಾಸಿಂಗ ಸರಿಮಾಡಿಕೊಂಡು, ಗಿರಾಕಿಗಳನ್ನು ಊಟಕ್ಕೆ ಕರೆಯುವ ದನಿಯಲ್ಲಿ ಅವಳು ಹೇಳಿದಳು:

"ಓದಿದ್ರು ಮಾಸ್ತರು, ತಿಕ್ಕಿದ್ರು ಡಾಕ್ಟರು, ಅಕ್ಷರ ತಿಳೀಲಿಲ್ಲ ಯಾರಿಗು, ಅಡಿವೆಪ್ಪನ ಹೆಸರ ಹೇಳೀನಿ, ದಾರಿ ಬಿಡ್ರಿ, ಹಸಿವಾಗೈತಿ ಎಲ್ಲಾರಿಗು."

ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಕೈ ಇಳಿಸಿ, ತಮ್ಮನ ಹೆಂಡತಿಯನ್ನು ಒಳಗೆ ಕರೆದುಕೊಂಡೆ.